ಸಂವಿಧಾನದಲ್ಲಿ ನಮ್ಮ ಬೀದಿಯ ಮೋರಿ

ಯಾವ ವಿಷಯವನ್ನು ನಾವು ಬಹಳ ವರ್ಷ ಪಾಠ ಮಾಡಿರುತ್ತೇವೋ ಅದರ ಬಗ್ಗೆಯೇ ನಮಗೆ ಏನೂ ಗೊತ್ತಿರುವುದಿಲ್ಲ ಎಂಬುದು ನನ್ನ ಇತ್ತೀಚಿನ ಸಂಶೋಧನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಹೇಗೂ ಮುಂದೆ ಸಿಕ್ಕಿಬೀಳುವವನೇ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಹೇಳಿಕೊಟ್ಟವನು. ನನ್ನ ಹೆಸರು ಕೇಳಿದರೆ ಹಳೆಯ ವಿದ್ಯಾರ್ಥಿಗಳಿಗೆ ಇವತ್ತಿಗೂ ನೆನಪಾಗುವುದು ಒಂದೇ ಪ್ರಶ್ನೆ: ‘ಒಕ್ಕೂಟ ವ್ಯವಸ್ಥೆಯಲ್ಲಿ ಸ್ಥಳೀಯ ಸರ್ಕಾರದ ಪಾತ್ರ ಮತ್ತು ಕಾನೂನಾತ್ಮಕ ಸ್ಥಾನಮಾನವನ್ನು ವಿವರಿಸಿ’. ಹತ್ತು ಅಂಕ. ಇದಕ್ಕೆ ನಾನು ಬರೆಸುತ್ತಿದ್ದ ನೋಟ್ಸ್ ಅಕ್ಕನಿಂದ ತಂಗಿಗೆ, ತಂಗಿಯಿಂದ ಅತ್ತಿಗೆಯ ಮಗಳಿಗೆ ಹೋಗಿ ಮತ್ತೆ ನನ್ನ ಕ್ಲಾಸಿಗೇ ಬರುತ್ತಿತ್ತು. ಕೇಂದ್ರವೆಂದರೆ ಮೇಲಿನ ಮಹಡಿ, ರಾಜ್ಯವೆಂದರೆ ನಡುವಿನದು, ಸ್ಥಳೀಯ ಸರ್ಕಾರವೆಂದರೆ ನೆಲಮಹಡಿ. ಮೊದಲು ಈ ನೆಲಮಹಡಿಯವನು ರಾಜ್ಯದ ಬಾಡಿಗೆದಾರ, ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ತಿದ್ದುಪಡಿ ಬಂದ ಮೇಲೆ ಅವನ ಹೆಸರು ಸಂವಿಧಾನದಲ್ಲೇ ಸೇರಿ ಖಾಯಂ ಆಯಿತು. ಆದರೂ ಬೀಗದ ಕೈಗೊಂಚಲು ಈಗಲೂ ರಾಜ್ಯದ ಸೊಂಟದಲ್ಲೇ ಇದೆ. ಹೀಗೆ ಹೇಳಿ ನಾನು ಸೊಂಟ ತಟ್ಟಿಕೊಳ್ಳುತ್ತಿದ್ದೆ, ಹಿಂದಿನ ಬೆಂಚಿನವರು ನಗುತ್ತಿದ್ದರು. ಇಷ್ಟೆಲ್ಲ ಹೇಳಿದವನು ಈ ಮೂವತ್ತೊಂದು ವರ್ಷದಲ್ಲಿ ಒಂದು ಪಂಚಾಯಿತಿ ಕಚೇರಿಯ ಹೊಸಿಲನ್ನೂ ತುಳಿದಿರಲಿಲ್ಲ.

ನನ್ನ ಹೆಂಡತಿ ವಿಮಲಾ ಇದಕ್ಕೆ ಪುಸ್ತಕದ ಬದನೆಕಾಯಿ ಎನ್ನುತ್ತಾಳೆ. ಅವಳು ರಾಜ್ಯಶಾಸ್ತ್ರ ಓದಿದವಳಲ್ಲ, ಆದರೆ ಅಧಿಕಾರ ಹಂಚಿಕೆ ಅವಳಿಂದ ಕಲಿಯಬೇಕು. ನಮ್ಮ ಮನೆಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಎರಡೂ ಅವಳ ಹತ್ತಿರವೇ ಇವೆ. ಸಮವರ್ತಿ ಪಟ್ಟಿಯಲ್ಲಿ ನಾವಿಬ್ಬರೂ ಮಾತಾಡಬಹುದಾದ ವಿಷಯವೆಂದರೆ ಸಾಯಂಕಾಲದ ತಿಂಡಿ ಒಂದೇ, ಅದರಲ್ಲೂ ಭಿನ್ನಾಭಿಪ್ರಾಯ ಬಂದರೆ ಅವಳ ಮಾತೇ ಊರ್ಜಿತ. ನನಗೆ ಬಿಟ್ಟಿರುವುದು ಪೇಪರ್ ಓದುವುದು, ವಿದೇಶಾಂಗ ನೀತಿಯ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದು. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಸದ ಗಾಡಿ ಯಾವ ವಾರ ಬರುವುದಿಲ್ಲ, ಇವೆಲ್ಲ ನನಗೆ ತಿಳಿಯದು. ಅದಕ್ಕೆ ಅವಳಿದ್ದಾಳೆ, ನೀರುಗಂಟಿ ಸಿದ್ದಯ್ಯ ಇದ್ದಾನೆ. ಬೆಳಗಾಗುತ್ತಲೇ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವ ಅವನು ನಮ್ಮ ಗೇಟಿನ ಹತ್ತಿರ ನಿಂತು ಇವಳ ಜೊತೆ ಐದು ನಿಮಿಷ ಮಾತಾಡಿ ಹೋಗುತ್ತಿದ್ದ. ಏನು ಮಾತು ಎಂದು ನಾನು ಯಾವತ್ತೂ ಕೇಳಿದವನಲ್ಲ. ಮೆಣಸಿನಕಾಯಿ ಗಿಡದ ವಿಚಾರವಿರಬೇಕು ಎಂದುಕೊಂಡಿದ್ದೆ. ಆಗಾಗ ಒಂದು ಗುರುವಾರ ಅವಳು ಭಜನೆಗೆಂದು ಹೋಗುತ್ತಿದ್ದಳು, ಎಲ್ಲಿ ಭಜನೆ ಎಂದೂ ಕೇಳಿದವನಲ್ಲ.

ನಿವೃತ್ತಿಯಾದ ಮೇಲೆ ನಾವು ಚಾಮರಾಜಪುರಂ ಬಿಟ್ಟು ಊರಿನ ದಕ್ಷಿಣಕ್ಕೆ ಜಾಲಿಕೊಪ್ಪಲಿನ ಬಡಾವಣೆಗೆ ಬಂದು ಏಳು ವರ್ಷವಾಯಿತು. ಶ್ರೀರಾಂಪುರದವರೆಗೆ ಆಟೋದವರು ಸುಮ್ಮನೆ ಬರುತ್ತಾರೆ, ಅಲ್ಲಿಂದ ಮುಂದೆ ಗೊಣಗುತ್ತಾರೆ, ಗೊಣಗುವುದು ನಿಂತ ಜಾಗದಲ್ಲಿ ನಮ್ಮ ಮನೆ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ನಾವೆಲ್ಲ ‘ಮೈಸೂರು’ ಅನ್ನುತ್ತೇವೆ. ಕಾಗದಪತ್ರದ ಪ್ರಕಾರ ನಾವು ಜಾಲಿಕೊಪ್ಪಲು ಗ್ರಾಮ ಪಂಚಾಯಿತಿಯ ಪ್ರಜೆಗಳು. ಇವತ್ತೋ ನಾಳೆಯೋ ನಮ್ಮನ್ನು ನಗರಕ್ಕೆ ಸೇರಿಸಿಬಿಡುತ್ತಾರೆ ಎಂಬ ಸುದ್ದಿ ನಾವು ಗೃಹಪ್ರವೇಶ ಮಾಡಿದ ದಿನದಿಂದಲೂ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ತಮ್ಮ ಗೇಟಿನ ಮೇಲೆ ಆಗಲೇ ‘ಮೈಸೂರು ಮಹಾನಗರ’ ಎಂದು ಕೆತ್ತಿಸಿಟ್ಟಿದ್ದಾರೆ.

ನಮ್ಮದು ಒಂಬತ್ತು ಮನೆಗಳ ಅಡ್ಡರಸ್ತೆ, ಒಂದು ತುದಿಯಲ್ಲಿ ಹೊಲದ ಕಾಂಪೌಂಡು ಗೋಡೆ. ಇನ್ನೊಂದು ತುದಿ ಮುಖ್ಯರಸ್ತೆಗೆ ಸೇರುವ ಕಡೆ ಒಂದು ಮೋರಿ. ಬೀದಿಗೆ ಬರಲಿಕ್ಕೂ ಹೋಗಲಿಕ್ಕೂ ಅದೊಂದೇ ದಾರಿ. ಈ ಮೋರಿಯ ವಿಶೇಷವೇನೆಂದರೆ ಈ ದಡ ಗ್ರಾಮ ಪಂಚಾಯಿತಿ, ಆ ದಡ ಪಕ್ಕದ ಪಟ್ಟಣ ಪಂಚಾಯಿತಿ. ಮೇಲೆ ಹಾಸಿದ್ದ ಚಪ್ಪಡಿ ಒಂದು ಕಾಲನ್ನು ಈ ಸರ್ಕಾರದಲ್ಲಿ, ಇನ್ನೊಂದನ್ನು ಆ ಸರ್ಕಾರದಲ್ಲಿ ಊರಿಕೊಂಡು ಏಳು ವರ್ಷ ಮಾತಿಲ್ಲದೆ ನಿಂತಿತ್ತು. ಕಳೆದ ಬೇಸಿಗೆಯಲ್ಲಿ ಯಾರದೋ ಮನೆ ಕಟ್ಟಲು ಜಲ್ಲಿ ತಂದ ಟಿಪ್ಪರ್ ಅದರ ಮೇಲೆ ಹತ್ತಿ, ಅರ್ಧ ಚಪ್ಪಡಿಯನ್ನು ಮೋರಿಯೊಳಗೆ ಇಳಿಸಿ ಹೊರಟುಹೋಯಿತು. ಉಳಿದರ್ಧದ ಮೇಲೆ ಸೈಕಲ್ಲು, ಬೈಕು ಹುಷಾರಾಗಿ ದಾಟುತ್ತಿದ್ದವು. ಕಾರಿನವರು ಮುಖ್ಯರಸ್ತೆಯಲ್ಲೇ ಕಾರು ನಿಲ್ಲಿಸಿ ನಡೆದು ಬಂದರು, ಡಾಕ್ಟರು ಹೇಳಿದ್ದ ವಾಕಿಂಗ್ ಆಯಿತೆಂದು ಸಮಾಧಾನಪಟ್ಟರು. ತೊಂದರೆಯಾದದ್ದು ನಾಗರತ್ನಳಿಗೆ.

ನಾಗರತ್ನ ನಮ್ಮ ಪಕ್ಕದ ಮನೆಯ ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿರುವವಳು. ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಶಕ್ತಿಯಿಲ್ಲ. ಹಿಂದಿನ ಒಂದು ಚಕ್ರದ ಜಾಗದಲ್ಲಿ ಎರಡು ಚಕ್ರ ಕೂಡಿಸಿದ ಸ್ಕೂಟರ್ ಇದೆ, ದಿನಾ ಬೆಳಗ್ಗೆ ಎಂಟಕ್ಕೆ ಹಾರ್ನ್ ಒತ್ತಿಕೊಂಡು ಹೋದಳೆಂದರೆ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮೂರು ಚಕ್ರದ ಅಗಲಕ್ಕೆ ಅರ್ಧ ಚಪ್ಪಡಿ ಸಾಲದು. ಸ್ಕೂಟರನ್ನು ಆಚೆ ದಡದ ಅಂಗಡಿಯ ಮುಂದೆ ಬಿಟ್ಟು, ಮನೆಯಿಂದ ಮೋರಿಯವರೆಗೆ ಕೋಲೂರಿಕೊಂಡು ಬಂದು, ಅಲ್ಲಿ ಯಾರಾದರೂ ಸಿಗುವವರೆಗೆ ಕಾದು, ಅವರ ಕೈ ಹಿಡಿದು ದಾಟುತ್ತಿದ್ದಳು. ಹೀಗೆ ಕಾದು ಕಾದು ವಾರದಲ್ಲಿ ಎರಡು ದಿನ ತಡ. ಒಂದು ದಿನ ನಾನು ಕೈ ಕೊಟ್ಟಾಗ ಕೆಳಗೆ ನೋಡಿಕೊಂಡೇ ಹೇಳಿದಳು, “ಸಾರ್, ಯಾರ್ ಕೈನೂ ಇಡ್ಕೊಳ್ದೆ ಹತ್ತು ವರ್ಷ ಓಡಾಡಿದ್ದೆ. ಮಳೆ ಶುರುವಾದ್ರೆ ಇದೂ ಆಗಲ್ಲ. ಸೂಪರ್‌ವೈಸರ್ರು ಇನ್ನೆರಡ್ ತಿಂಗ್ಳು ನೋಡ್ತೀನಿ, ಆಮೇಲೆ ಕೆಲ್ಸಕ್ಕೆ ಬರ್ಬೇಡ ಅಂದವ್ರೆ.” “ಯೋಚನೆ ಮಾಡ್ಬೇಡಮ್ಮ, ಇದು ನನ್ನ ಸಬ್ಜೆಕ್ಟು” ಎಂದು ಭರವಸೆ ಕೊಟ್ಟು ಮನೆಗೆ ಬಂದೆ.

ಹಳೆಯ ಪುಸ್ತಕ ತೆಗೆದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ಇಪ್ಪತ್ತೊಂಬತ್ತು ವಿಷಯಗಳಿವೆ, ನಾನು ಕಣ್ಣು ಮುಚ್ಚಿ ಒಪ್ಪಿಸಬಲ್ಲೆ. ಅದರಲ್ಲಿ ಹದಿಮೂರನೆಯದು ರಸ್ತೆ, ಮೋರಿ, ಸೇತುವೆ, ದೋಣಿ ಇತ್ಯಾದಿ. ಮೋರಿ! ಮೂವತ್ತೊಂದು ವರ್ಷ ಆ ಪಟ್ಟಿ ಬರೆಸಿದ್ದೇನೆ, ಅದರೊಳಗೆ ನಮ್ಮ ಬೀದಿಯ ಮೋರಿಯೂ ಕೂತಿದೆ ಎಂದು ಅವತ್ತು ಹೊಳೆದಾಗ ಮೈ ಜುಮ್ಮೆಂದಿತು. ಅಡುಗೆಮನೆಗೆ ಹೋಗಿ, “ವಿಮಲಾ, ನಮ್ಮ ಮೋರಿ ಸಂವಿಧಾನದಲ್ಲಿದೆ ಕಣೇ, ಹದಿಮೂರನೇ ವಿಷಯ” ಎಂದೆ. ಅವಳು ಒಗ್ಗರಣೆಯಿಂದ ತಲೆ ಎತ್ತದೆ, “ಇರ್ಲಿ ರೀ. ಆ ಹದಿಮೂರನೇದರ ಮೇಲೆ ನಾಗರತ್ನನ ಸ್ಕೂಟರ್ ಹೋಗತ್ತಾ?” ಎಂದಳು. ಇಂಥ ಪ್ರಶ್ನೆಗಳಿಗೆ ಸಿಲಬಸ್ಸಿನಲ್ಲಿ ಉತ್ತರವಿಲ್ಲ.

ನಾಲ್ಕು ದಿನ ಕೂತು ಹನ್ನೆರಡು ಪುಟದ ಮನವಿ ಬರೆದೆ. ಪೀಠಿಕೆಯಲ್ಲಿ ಒಕ್ಕೂಟ ತತ್ವ, ಎರಡನೆಯ ಭಾಗದಲ್ಲಿ ರಾಜ್ಯ ಪಟ್ಟಿಯ ಐದನೆಯ ವಿಷಯವಾದ ಸ್ಥಳೀಯ ಸರ್ಕಾರ, ಮೂರನೆಯದರಲ್ಲಿ ತಿದ್ದುಪಡಿಯ ಆಶಯ. ಚಪ್ಪಡಿ ಬಂದದ್ದು ಹನ್ನೊಂದನೆಯ ಪುಟದಲ್ಲಿ. ನಾಗರತ್ನಳ ಹೆಸರು ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿತ್ತು. ಐದು ಪ್ರತಿ ಮಾಡಿಸಿ ಐದು ಕಡೆ ಕಳಿಸಿದೆ. ಒಂದು ಕಚೇರಿಯವರು ಅದು ತಮ್ಮ ಸರಹದ್ದಲ್ಲ ಎಂದು ಸೌಜನ್ಯದಿಂದ ಬರೆದರು. ಇನ್ನೊಂದರವರು ಮುಂದಿನ ಕ್ರಮಕ್ಕಾಗಿ ಮೊದಲನೆಯವರಿಗೇ ರವಾನಿಸಿದರು. ಮೂರನೆಯವರು ಸರ್ವೆ ಆಗಬೇಕೆಂದರು, ನಾಲ್ಕನೆಯವರು ಹೇಗೂ ನಗರಕ್ಕೆ ಸೇರುತ್ತದಲ್ಲ, ಆಮೇಲೆ ನೋಡೋಣ ಎಂದರು. ಐದನೆಯವರ ಉತ್ತರವನ್ನು ನಾನು ಇನ್ನೂ ನಿರೀಕ್ಷಿಸುತ್ತಿದ್ದೇನೆ. ಯಾರೂ ತಪ್ಪು ಹೇಳಿರಲಿಲ್ಲ, ಅದೇ ನನಗೆ ಹೆಚ್ಚು ಬೇಸರ ತಂದದ್ದು. ಪ್ರತಿಯೊಬ್ಬರೂ ನನ್ನ ನೋಟ್ಸಿನ ಪ್ರಕಾರವೇ ಸರಿಯಾಗಿದ್ದರು.

ಗೇಟಿನ ಹತ್ತಿರ ಕಾಗದಗಳನ್ನು ಹಿಡಿದು ನಿಂತಿದ್ದಾಗ ಸಿದ್ದಯ್ಯ ಬಂದ. ನನ್ನ ಕತೆ ಕೇಳಿ ತಲೆ ಕೆರೆದುಕೊಂಡು, “ಅದ್ಯಾಕ್ ಸಾ ಇಷ್ಟೊಂದ್ ಬರ್ಯಾಕೋದ್ರಿ? ಬರೋ ಗುರುವಾರ ಗ್ರಾಮಸಭೆ ಅದೆ, ಬಂದು ಎದ್ನಿಂತು ಯೋಳ್ಬುಡಿ. ಅಧ್ಯಕ್ಷ್ರು ನಮ್ ಮಂಜುಳಮ್ಮ, ಒಳ್ಳೇವ್ರು. ನಿಮ್ ಕಾಲೇಜಲ್ಲೇ ಓದಿದ್ದಂತೆ” ಎಂದ. ನಾನು ಬೆಚ್ಚಿಬಿದ್ದೆ. ಗ್ರಾಮಸಭೆ! ಪ್ರತ್ಯಕ್ಷ ಪ್ರಜಾಪ್ರಭುತ್ವದ ಜೀವಂತ ಉದಾಹರಣೆ ಎಂದು ಎಷ್ಟು ಸಲ ಬರೆಸಿದ್ದೇನೆ. ಅದು ಇಲ್ಲೇ, ಗಿರಣಿಯ ಪಕ್ಕದ ಸಮುದಾಯ ಭವನದಲ್ಲಿ ನಡೆಯುತ್ತದೆ ಎಂಬುದು ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ.

ಗುರುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನಾಗರತ್ನ ಅರ್ಧ ದಿನ ರಜ ಹಾಕಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಅಧ್ಯಕ್ಷೆ ಮಂಜುಳಾ ಎದ್ದು ಬಂದು ನಮಸ್ಕಾರ ಮಾಡಿದಳು. ನಲವತ್ತರ ಆಸುಪಾಸು, ತಲೆಗೆ ಕನಕಾಂಬರ, ಕೈಯಲ್ಲಿ ಸ್ಕೂಟರ್ ಕೀ. ನನಗೆ ಗುರುತು ಸಿಗಲಿಲ್ಲ. “ನಿಮ್ಗೆಲ್ಲಿ ನೆನಪಿರ್ತದೆ ಸಾರ್, ನಿಮ್ ಪೇಪರಲ್ಲಿ ಎರಡ್ ಸಲ ಫೇಲಾದೋಳು ನಾನು” ಎಂದು ನಕ್ಕಳು. “ಸ್ಥಳೀಯ ಸರ್ಕಾರದ ಪ್ರಶ್ನೆಗೆ ನಾಲ್ಕು ಪುಟ ಬರ್ದಿದ್ದೆ. ನಮ್ಮೂರ್ ಬೋರ್‌ವೆಲ್ ಕೆಟ್ಟಾಗ ಹೆಂಗಸ್ರೆಲ್ಲ ಖಾಲಿ ಬಿಂದಿಗೆ ಇಟ್ಕೊಂಡು ಪಂಚಾಯ್ತಿ ಜಗ್ಲಿ ಮೇಲೆ ಕೂತಿದ್ದು, ಸಂಜೆ ಒಳಗೆ ಮೆಕ್ಯಾನಿಕ್ ಬಂದಿದ್ದು, ಎಲ್ಲಾ. ಸ್ಥಳೀಯ ಸರ್ಕಾರ ಅಂದ್ರೆ ಕೂಗಿದ್ರೆ ಕೇಳಿಸೋಷ್ಟು ದೂರದಲ್ಲಿರೋ ಸರ್ಕಾರ ಅಂತ ಬರ್ದಿದ್ದೆ. ನೀವು ಹತ್ತಕ್ಕೆ ಎರಡು ಕೊಟ್ಟು, ಕೆಂಪು ಇಂಕಲ್ಲಿ ‘ಪ್ರಬಂಧ ಬೇಡ, ವಿಧಿಯ ಸಂಖ್ಯೆ ಬರೆಯಿರಿ’ ಅಂತ ಬರೆದಿದ್ರಿ.” ನಾನು ಹಾಗೆ ಬರೆದಿರಲಾರೆ ಎನ್ನಲು ಬಾಯಿ ತೆರೆದೆ. ಬರೆದಿರುತ್ತೇನೆ ಎಂದು ಖಾತ್ರಿಯಾಗಿ ಮುಚ್ಚಿದೆ.

ಸಭೆ ಶುರುವಾಯಿತು. ನಮ್ಮ ಸರದಿ ಬಂದಾಗ ನನ್ನ ಹನ್ನೆರಡು ಪುಟ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ನಾಗರತ್ನ ಕೂತಲ್ಲಿಂದಲೇ ನಾಲ್ಕು ಮಾತು ಹೇಳಿದಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿ.ಡಿ.ಓ. ಸಾಹೇಬರು, ಗಡಿ ವಿಚಾರ ಎತ್ತಿದರು. ಮಂಜುಳಾ, “ಆ ಕಡೆ ಮೆಂಬರ್ ಹತ್ರ ಫೋನಲ್ಲಿ ಮಾತಾಡಿವ್ನಿ. ನೀವು ದುಡ್ಡು ಹಾಕ್ಬೇಡಿ, ಅಡ್ಡನೂ ಬರ್ಬೇಡಿ, ಅಷ್ಟೇ ಸಾಕು ಅಂದೆ, ಆಯ್ತು ಅಂದ್ರು. ಸರ್ವೆ ಆಗೋಗಂಟ ಇವ್ರ ಕಾಲು ಕಾಯ್ತದಾ? ಬರ್ಕೊಳಿ ಠರಾವು” ಎಂದಳು. ಪಿ.ಡಿ.ಓ. ಪೆನ್ನಿನ ಮುಚ್ಚಳ ತೆಗೆದರು. ಆ ಕ್ಷಣದಲ್ಲಿ ನನಗೇನಾಯಿತೋ ಗೊತ್ತಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಸಭಾಂಗಣವನ್ನೊಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, ಕ್ಲಾಸಿನಲ್ಲಿ ಕೇಳುವ ದನಿಯಲ್ಲೇ ಕೇಳಿದೆ: “ಒಂದು ನಿಮಿಷ. ಸಭೆಗೆ ಕೋರಂ ಇದೆಯೇ?”

ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ಇಷ್ಟು ಜನ ಮತದಾರರು ಇರಲೇಬೇಕು, ಇಲ್ಲದಿದ್ದರೆ ಠರಾವಿಗೆ ಬೆಲೆಯಿಲ್ಲ. ಇದನ್ನು ಎಲ್ಲರೂ ಬಲ್ಲರು, ಯಾರೂ ಎಣಿಸಲು ಹೋಗಿರಲಿಲ್ಲ. ಪ್ರಶ್ನೆ ಎತ್ತಿದ ಮೇಲೆ ಎಣಿಸಲೇಬೇಕಾಯಿತು. ಬಾಗಿಲಲ್ಲಿ ನಿಂತವರು, ಕಂಬಕ್ಕೆ ಒರಗಿದವರು ಎಲ್ಲ ಸೇರಿದರೂ ಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು, ಅಷ್ಟೇ. ಪಿ.ಡಿ.ಓ. ಪೆನ್ನಿಗೆ ಮುಚ್ಚಳ ಹಾಕಿ, ಸಭೆಯನ್ನು ಎರಡು ವಾರ ಮುಂದೂಡಲಾಗಿದೆ ಎಂದರು. ನಾಗರತ್ನ ನನ್ನ ಕಡೆ ತಿರುಗಿ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳಿಗೆ ನಾನು ಏನು ಮಾಡಿದೆನೆಂದೇ ಅರ್ಥವಾಗಿರಲಿಲ್ಲ. ಮಂಜುಳಾ ಫೈಲು ಎತ್ತಿಕೊಳ್ಳುತ್ತ, “ಪಾಯಿಂಟು ಸರೀಗದೆ ಸಾರ್. ಹತ್ತಕ್ಕೆ ಹತ್ತು” ಎಂದಳು. ಹೊರಗೆ ಬಂದರೆ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು.

ಮನೆಯಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ವಿಮಲಾ ಮಾತಾಡದೆ ಕಾಫಿ ಕೊಟ್ಟಳು. ಅವಳು ಮಾತಾಡದೆ ಕೊಟ್ಟ ಕಾಫಿಗೆ ಸಕ್ಕರೆ ಇರುವುದಿಲ್ಲ. ಎರಡು ಗುಟುಕು ಆದ ಮೇಲೆ, “ಮಾಡಿದ್ದುಣ್ಣೋ ಮಹರಾಯ. ಎಣಿಸಿ ಮುರಿದ್ರಲ್ಲ, ಈಗ ನೀವೇ ಹೋಗಿ ಜನ ಸೇರಿಸಿ” ಎಂದಳು. ಹಾಗೆ ನಾನು ಅರವತ್ತೇಳನೆಯ ವಯಸ್ಸಿನಲ್ಲಿ, ಸಿದ್ದಯ್ಯನ ಬೈಕಿನ ಹಿಂದೆ ಕೂತು, ಮನೆ ಮನೆ ತಿರುಗುವವನಾದೆ.

ನಮ್ಮ ಬಡಾವಣೆಯವರದು ಒಂದೇ ರಾಗ. “ಅದು ಹಳ್ಳಿಯವರ ಸಭೆ ಅಲ್ವೇ ಸಾರ್? ನಾವೆಲ್ಲ ಹೋದ್ರೆ ಚೆನ್ನಾಗಿರುತ್ತಾ?” ಎಂದರು ಎದುರು ಮನೆಯ ಮ್ಯಾನೇಜರು, ‘ಮಹಾನಗರ’ ಎಂದು ಕೆತ್ತಿದ ಗೇಟಿನ ಮೇಲೆ ಕೈಯಿಟ್ಟುಕೊಂಡು. ನನಗೆ ಸಿಟ್ಟು ಬಂತು. ಹದಿನೈದು ದಿನದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ ಎಂದು ನೆನಪಾಗಿ ಸಿಟ್ಟು ನುಂಗಿಕೊಂಡೆ. ವಿಧಿಗಳನ್ನು ಹೇಳಿ ನೋಡಿದೆ, ಆಕಳಿಸಿದರು. ಕೊನೆಗೆ ಸಿದ್ದಯ್ಯ ಬೈಕಿನ ಮೇಲಿಂದಲೇ, “ಸಾ, ನಿಮ್ ಮನೇಗ್ ನೀರ್ ಬುಡೋನು ನಾನು. ನಂಗ್ ಸಂಬ್ಳ ಕೊಡೋದು ಆ ಹಳ್ಳಿಯೋರ್ ಪಂಚಾಯ್ತಿನೇಯ. ಗುರುವಾರ ಬಂದ್ಬುಡಿ” ಎಂದ. ಮ್ಯಾನೇಜರು ಕೂಡಲೇ ಒಪ್ಪಿದರು. ಸ್ಥಳೀಯ ಸರ್ಕಾರದ ಪ್ರಾಮುಖ್ಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾವ ನೋಟ್ಸಿನಲ್ಲೂ ನಾನು ಓದಿಲ್ಲ.

ಊರೊಳಗೆ ಬೇರೆ ಪಾಠ. ಅರಳಿಕಟ್ಟೆಯ ಹತ್ತಿರ ಅಕಾಲದಲ್ಲಿ ಬಿಟ್ಟ ಅವರೆಕಾಯಿ ಸುಲಿಯುತ್ತ ಕೂತಿದ್ದ ಕೆಂಪಮ್ಮ ಎಂಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏಳ್ ವರ್ಸದಿಂದ ಇದೇ ದಾರೀಲಿ ಓಡಾಡ್ತಿದ್ದೀರಿ, ಒಂದಿನಾನಾರೂ ಇತ್ತಾಗ್ ತಿರುಗ್ ನೋಡಿದ್ರಾ ಮೇಷ್ಟ್ರೇ? ಈಗ ನಿಮ್ ಮೋರಿ ಮುರುದ್ ಮೇಲೆ ನಾವು ಬೇಕಾ?” ಎಂದಳು. ನಾನು ಕಟ್ಟೆಯ ಮೇಲೆ ಕೂತೆ. ಕೂತ ಮೇಲೆ ಕೈ ಸುಮ್ಮನಿರಬಾರದೆಂದು ನಾನೂ ಅವರೆಕಾಯಿ ಸುಲಿದೆ. ಅಂಗನವಾಡಿಯ ಸೂರು ಸೋರುತ್ತಿರುವುದು, ಬಡಾವಣೆಯವರ ಕಾರುಗಳು ಸ್ಕೂಲಿನ ಮುಂದೆ ಮಕ್ಕಳನ್ನು ನೋಡದೆ ಓಡುವುದು, ಎಲ್ಲ ಹೇಳಿದಳು. ನಾನು ಅಂಗನವಾಡಿಯ ಸೂರಿಗೆ ಕೈ ಎತ್ತುತ್ತೇನೆ ಎಂದೆ, ನಮ್ಮ ಬೀದಿಯವರಿಂದಲೂ ಎತ್ತಿಸುತ್ತೇನೆ ಎಂದೆ. “ಅಂಗಾರೆ ನಿಮ್ ಮೋರಿಗೆ ನಾವೂ ಎತ್ತೀವಿ. ಆ ಕುಂಟ್‌ಕಾಲಿನ್ ಮಗ ಅಂಬೋ ಅಂತ ನಿಂತಿರ್ತದೆ, ನಂಗೂ ಕರುಳ್ ಕಿತ್ ಬತ್ತದೆ” ಎಂದಳು. ಸಹಕಾರಿ ಒಕ್ಕೂಟ ತತ್ವದ ಮೇಲೆ ನಾನು ಎರಡು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ್ದೆ. ಅದರ ಅರ್ಥ ತಿಳಿದದ್ದು ಅವರೆಕಾಯಿ ಸುಲಿಯುವಾಗ. ಬೆರಳೆಲ್ಲ ಸೊನೆ ಹಿಡಿದು ಎರಡು ದಿನ ಪರಿಮಳ ಹೋಗಲಿಲ್ಲ.

ಎರಡನೆಯ ಸಭೆಯ ದಿನ ಬೆಳಗ್ಗೆಯೇ ಜಿಟಿಜಿಟಿ ಹನಿಯುತ್ತಿತ್ತು. ಆದರೂ ಭವನ ತುಂಬಿತು. ಕೆಂಪಮ್ಮ ತನ್ನ ಓಣಿಯನ್ನೆಲ್ಲ ಹೊರಡಿಸಿಕೊಂಡು ಬಂದಿದ್ದಳು. ನಮ್ಮ ಮ್ಯಾನೇಜರು ಛತ್ರಿ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಹಳ್ಳಿಯವರ ನಡುವೆ ಕೂತು, ಯಾರದೋ ಬೆಳೆ ಸಾಲದ ಅರ್ಜಿ ತಿದ್ದುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ನನ್ನನ್ನೂ ಸೇರಿಸಿ ಸರಿಯಾಗಿ ಕೋರಂ ಮುಟ್ಟಿದಾಗ ಎದೆಯುಬ್ಬಿತು. ನಾಗರತ್ನಳ ಕಡೆ ನೋಡಿ ಹೆಬ್ಬೆರಳೆತ್ತಿ ತೋರಿಸಿದೆ. ಈ ಸಲ ಪಿ.ಡಿ.ಓ. ಹುಷಾರಾಗಿದ್ದರು. ಮತದಾರರ ಪಟ್ಟಿ ಮುಂದಿಟ್ಟುಕೊಂಡು ಹೆಸರಿಗೆ ಹೆಸರು ತಾಳೆ ನೋಡಿ ಸಹಿ ಹಾಕಿಸಿಕೊಂಡರು. ಎಲ್ಲ ಮುಗಿದ ಮೇಲೆ ಪಟ್ಟಿಯನ್ನು ಎರಡು ಸಲ ಮಗುಚಿ, “ಒಂದು ಕಡಿಮೆ” ಎಂದರು.

“ಸಾಧ್ಯವೇ ಇಲ್ಲ, ನಾನು ಎಣಿಸಿದ್ದೇನೆ” ಎಂದೆ. ಪಿ.ಡಿ.ಓ. ಮುಖ ತಗ್ಗಿಸಿದರು. ಮಂಜುಳಾ ಮೆಲ್ಲಗೆ, “ಸಾರ್, ನಿಮ್ ಹೆಸರೇ ಪಟ್ಟೀಲಿಲ್ಲ” ಎಂದಳು. ಇರಲು ಹೇಗೆ ಸಾಧ್ಯ? ನನ್ನ ವೋಟು ಇನ್ನೂ ಚಾಮರಾಜಪುರಂನಲ್ಲಿದೆ. ಬಂದ ಹೊಸದರಲ್ಲೇ ವಿಮಲಾ ಬದಲಾಯಿಸಿಕೊಳ್ಳಿ ಎಂದು ಫಾರಂ ತಂದು ಮೇಜಿನ ಮೇಲಿಟ್ಟಿದ್ದಳು. ಅದರ ಭಾಷಾಂತರದಲ್ಲಿ ಮೂರು ತಪ್ಪು ಕಂಡುಹಿಡಿದು, ತಿದ್ದಿ ಚುನಾವಣಾ ಆಯೋಗಕ್ಕೆ ಬರೆಯಬೇಕೆಂದು ಎತ್ತಿಟ್ಟವನು ಇವತ್ತಿನವರೆಗೂ ಎತ್ತಿಟ್ಟೇ ಇದ್ದೇನೆ. “ಕೋರಂ ಅಂದ್ರೆ ತಲೆ ಲೆಕ್ಕ ಅಲ್ಲ, ಮತದಾರರ ಲೆಕ್ಕ ಅಂತ ನೀವೇ ಅಲ್ವಾ ಸಾರ್ ಹೇಳ್ಕೊಟ್ಟಿದ್ದು?” ಎಂದಳು ಮಂಜುಳಾ. ಇಡೀ ಭವನ ನನ್ನನ್ನೇ ನೋಡುತ್ತಿತ್ತು. ಹೊರಗೆ ಮಳೆ ಜೋರಾಯಿತು. ನಾಗರತ್ನ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಮೋರಿಯಲ್ಲಿ ಬಿದ್ದುಹೋದರೆ ಚೆನ್ನಾಗಿತ್ತು ಎನಿಸಿತು ನನಗೆ, ಅದಕ್ಕೆ ಅನುಕೂಲವೂ ಇತ್ತು.

ಆಗ ಸಿದ್ದಯ್ಯ ಎದ್ದ. “ಅಮ್ಮಾವ್ರದ್ದು ಅದೆಯಲ್ಲ ಸಾ ಪಟ್ಟೀಲಿ!” ಎಂದವನೇ ಬೈಕು ಸ್ಟಾರ್ಟ್ ಮಾಡಿಕೊಂಡು ಹೋದ. ಮನೆ ಮನೆ ತಿರುಗಿದ ನನಗೆ ನಮ್ಮ ಮನೆಯಲ್ಲೇ ಒಂದು ವೋಟಿದೆ ಎಂದು ಹೊಳೆದಿರಲಿಲ್ಲ. ಹತ್ತು ನಿಮಿಷದಲ್ಲಿ, ಅರ್ಧ ಚಪ್ಪಡಿ ದಾಟಿ, ತಲೆಗೆ ಟವೆಲ್ಲು ಹೊದ್ದ ನನ್ನ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಅವಳ ಕೈಗೆ ಇನ್ನೂ ದೋಸೆ ಹಿಟ್ಟು ಅಂಟಿತ್ತು. ನನಗೆ ಆಶ್ಚರ್ಯವಾದದ್ದು ಅದಲ್ಲ. ಭವನದೊಳಗೆ ಅರ್ಧ ಜನ ಅವಳನ್ನು ಹೆಸರು ಹಿಡಿದು ಮಾತಾಡಿಸಿದರು. “ಓದ್ ಸಲ ಬೀದಿ ದೀಪದ್ ಸಭೇಗ್ ಬಂದಿದ್ರಲ್ಲ, ಆಮೇಲ್ ಕಾಣ್ಲೇ ಇಲ್ಲ?” ಎಂದಳು ಕೆಂಪಮ್ಮ. ಪಿ.ಡಿ.ಓ. ಕುರ್ಚಿ ತರಿಸಿದರು. ಗುರುವಾರ ಭಜನೆಗೆ ಹೋಗುತ್ತೇನೆಂದು ಅವಳು ಹೋಗುತ್ತಿದ್ದದ್ದು ಎಲ್ಲಿಗೆ, ನಮ್ಮ ಬೀದಿಗೆ ದೀಪ ಬಂದದ್ದು ಹೇಗೆ, ಗೇಟಿನ ಹತ್ತಿರದ ಮೆಣಸಿನಕಾಯಿ ಗಿಡದ ಮಾತು ಏನಾಗಿತ್ತು, ಎಲ್ಲ ನನಗೆ ಒಂದೇ ಸಲಕ್ಕೆ ತಿಳಿಯಿತು. “ಹೇಳಬಾರದಿತ್ತೇ?” ಎಂದು ಪಿಸುಗುಟ್ಟಿದೆ. “ಹೇಳಿದ್ರೆ ನೀವೂ ಬರ್ತಿದ್ರಿ, ಬಂದು ಕೋರಂ ಕೇಳ್ತಿದ್ರಿ” ಎಂದು ಸಹಿ ಹಾಕಿದಳು. ಠರಾವಿಗೆ ಎಲ್ಲರೂ ಕೈ ಎತ್ತಿದರು. ಅಂಗನವಾಡಿಯ ಸೂರಿಗೆ ನಮ್ಮ ಬೀದಿಯವರೂ ಎತ್ತಿದರು. ನಾನೂ ಎತ್ತಲು ಹೋಗಿ, ನೆನಪಾಗಿ, ತಲೆ ಕೆರೆದುಕೊಂಡೆ.

ಮಳೆ ಎರಡು ವಾರ ಬಿಡುವು ಕೊಟ್ಟಿತು. ಕೆಲಸದವರು ಬಂದರು, ಕಬ್ಬಿಣ ಕಟ್ಟಿದರು, ಕಾಂಕ್ರೀಟ್ ಹಾಕಿದರು. ಆಚೆ ದಡದ ಪಟ್ಟಣ ಪಂಚಾಯಿತಿಯ ಮೆಂಬರು ಬಂದು, ತಮ್ಮ ಕಡೆಯ ಮಣ್ಣು ಸಮ ಮಾಡಿಸಿ, ತಾವೇ ತಂದ ತೆಂಗಿನಕಾಯಿ ಒಡೆದರು. ಯಾವ ಸರ್ಕಾರದ ಚಪ್ಪಡಿ ಎಂಬ ಪ್ರಶ್ನೆ ಈಗಲೂ ಬಗೆಹರಿದಿಲ್ಲ, ಎರಡು ಕಡೆಯವರೂ ತಮ್ಮದೆನ್ನುತ್ತಾರೆ. ಮೊದಲು ಇಬ್ಬರೂ ತಮ್ಮದಲ್ಲ ಎನ್ನುತ್ತಿದ್ದರು, ಹಾಗಾಗಿ ಇದನ್ನು ನಾನು ಪ್ರಗತಿ ಎಂದೇ ಭಾವಿಸುತ್ತೇನೆ. ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ಹಾರ್ನ್ ಕೇಳಿಸಿತು. ಪೇಪರ್ ಬಿಟ್ಟು ಗೇಟಿಗೆ ಓಡಿದೆ. ನಾಗರತ್ನ ಯಾರ ಕೈಯನ್ನೂ ಹಿಡಿಯದೆ ಮೂರು ಚಕ್ರವನ್ನೂ ಚಪ್ಪಡಿಯ ಮೇಲೆ ಹತ್ತಿಸಿ, ದಾಟಿ, ಆಚೆ ದಡದಲ್ಲಿ ಒಂದು ಕ್ಷಣ ನಿಲ್ಲಿಸಿ, ತಿರುಗಿ ನೋಡಿ ಇನ್ನೊಂದು ಸಲ ಹಾರ್ನ್ ಒತ್ತಿ ಹೋದಳು. ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ? ಒಳಗೆ ಬಂದು ಗಡಿಯಾರ ನೋಡಿದೆ, ಮೂರು ನಿಮಿಷ ಹಿಂದಿತ್ತು. ಸರಿಮಾಡಿಟ್ಟೆ.

ಅದೇ ಉತ್ಸಾಹದಲ್ಲಿ ಹಳೆಯ ಫಾರಂ ಹುಡುಕಿ ತೆಗೆದೆ. ವೋಟು ಬದಲಾಯಿಸಲು ನಾನು ಇಲ್ಲೇ ವಾಸವಾಗಿದ್ದೇನೆ ಎಂಬುದಕ್ಕೆ ಏನಾದರೂ ದಾಖಲೆ ಬೇಕು, ಪಂಚಾಯಿತಿಯಿಂದಲೇ ಒಂದು ಪತ್ರ ಪಡೆಯೋಣವೆಂದು ಅಧ್ಯಕ್ಷೆಗೆ ಅರ್ಜಿ ಬರೆದೆ. ಬೇಡವೆಂದರೂ ಮೂರು ಪುಟವಾಯಿತು. ಸ್ಥಳೀಯ ಸರ್ಕಾರ ಎಂದರೆ ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುವ ಸರ್ಕಾರ ಎಂಬುದನ್ನು ನಾನು ತಡವಾಗಿ ಅರಿತೆನೆಂದೂ, ಹಿಂದೆ ಕೊಟ್ಟ ಎರಡು ಅಂಕಕ್ಕೆ ವಿಷಾದಿಸುತ್ತೇನೆಂದೂ, ಈ ನೆಲದ ಪ್ರಜೆಯಾಗುವುದು ನನ್ನ ಭಾಗ್ಯವೆಂದೂ ಮನಸ್ಸು ತುಂಬಿ ಬರೆದಿದ್ದೆ. ಸಿದ್ದಯ್ಯನ ಕೈಯಲ್ಲಿ ಕಳಿಸಿದೆ. ಸಾಯಂಕಾಲ ಅವನೇ ವಾಪಸ್ ತಂದುಕೊಟ್ಟ. ಮೊದಲ ಪುಟದ ಮೇಲೆ, ಎಲ್ಲಿ ಹುಡುಕಿ ತಂದಳೋ, ಕೆಂಪು ಇಂಕಿನಲ್ಲಿ ಮಂಜುಳಾ ದುಂಡಗೆ ಬರೆದಿದ್ದಳು: ‘ಪ್ರಬಂಧ ಬೇಡ ಸಾರ್, ಮನೆ ನಂಬರ್ ಬರೆಯಿರಿ.’

ನಾನು ಪೆನ್ನು ತೆಗೆದುಕೊಂಡು ಕೂತೆ. ಸ್ವಲ್ಪ ಹೊತ್ತು ಯೋಚಿಸಿದೆ. ಗೇಟಿನವರೆಗೆ ಹೋಗಿ ನೋಡಿ ಬಂದೆ, ಅಲ್ಲಿ ನನ್ನ ಹೆಸರು, ಪದವಿಗಳು ಮಾತ್ರ ಇದ್ದವು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆದಷ್ಟು ಮೆತ್ತಗೆ ಕೇಳಿದೆ.

“ವಿಮಲಾ, ನಮ್ಮ ಮನೆ ನಂಬರ್ ಎಷ್ಟೇ?”